ಮನುಷ್ಯರಿಲ್ಲದಿದ್ದರೂ ಪೈ ಅಷ್ಟೇ

ತೀರ್ಥಹಳ್ಳಿ

ಪ್ರೀತಿಯ ಗೆಳೆಯ,

ಮನುಷ್ಯನೇ ಇಲ್ಲದಿದ್ದರೆ ಪೈ, ಅಂದರೆ ವೃತ್ತದ ಸುತ್ತಳತೆಯನ್ನು ಅಡ್ಡಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ, ಎಲ್ಲಿರುತ್ತಿತ್ತು, ಅದೆಲ್ಲ ನಾವು ಕಟ್ಟಿಕೊಂಡ ಲೆಕ್ಕ ಅಂದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದರಲ್ಲಿ ಅರ್ಧ ನಿಜ. 3.14159 ಅಂತ ಬರೆಯುವುದು ನಮ್ಮ ಹತ್ತು ಬೆರಳಿನ ಅಭ್ಯಾಸ. ಅಡಿಕೆ ಮರಕ್ಕೆ ಟೇಪು ಸುತ್ತಿ ಅಳೆದು, ಅಡ್ಡಳತೆಯಿಂದ ಭಾಗಿಸಿ ನೋಡು. ಮೂರರ ಮೇಲೆ ಚಿಲ್ಲರೆ ಬರುತ್ತದೆ, ಪಕ್ಕದ ಮರಕ್ಕೆ ಚಿಲ್ಲರೆ ಬೇರೆ. ಯಾವ ಮರವೂ ಪಕ್ಕಾ ವೃತ್ತ ಅಲ್ಲ. 499ರಲ್ಲೇ ಆರ್ಯಭಟ 20000 ವ್ಯಾಸಕ್ಕೆ ಸುತ್ತಳತೆ 62832 ಅಂತ ಕೊಟ್ಟು, ಇದು ಹತ್ತಿರದ ಬೆಲೆ ಅಷ್ಟೇ ಅಂತಲೂ ಹೇಳಿದ್ದ.

ಆದರೆ ವೃತ್ತವೇ ಇಲ್ಲದ ಕಡೆ ಪೈ ಯಾಕೆ ಬರುತ್ತದೆ ಹೇಳು. ಇಲ್ಲೀಗ ಕೊನೆಕೊಯ್ಲು. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಕೂತವರ ಮುಂದೆ ಒಂದೊಂದು ರಾಶಿ ಹಸಿ ಅಡಿಕೆ. ಸುಮ್ನೆ ಯಾವುದಾದರೂ ಎರಡು ರಾಶಿ ಎಣಿಸು. ಎರಡೂ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವುದು 1 ಮಾತ್ರ, ಬೇರೆ ಯಾವ ಸಂಖ್ಯೆಯೂ ಅಲ್ಲ ಅನ್ನುವಂಥ ಜೋಡಿ ನೂರಕ್ಕೆ ಸುಮಾರು 61 ಸಿಗುತ್ತವೆ. ರಾಶಿ ದೊಡ್ಡದಾದಷ್ಟೂ, ಜೋಡಿ ಜಾಸ್ತಿಯಾದಷ್ಟೂ ಈ ಪಾಲು 6ನ್ನು ಪೈಯ ವರ್ಗದಿಂದ ಭಾಗಿಸಿದ ಬೆಲೆಗೆ ಹತ್ತಿರವಾಗುತ್ತದೆ. ಇದರ ಬೇರು ಇರುವುದು ಗಣಿತಜ್ಞ ಆಯ್ಲರ್ 1734ರಲ್ಲಿ ಬಿಡಿಸಿದ ಲೆಕ್ಕದಲ್ಲಿ. 1, 1/4, 1/9, 1/16 ಹೀಗೆ ಕೂಡುತ್ತಾ ಹೋದರೆ ಪೈ ವರ್ಗದ ಆರನೇ ಒಂದು ಪಾಲು. ವೃತ್ತ ಎಲ್ಲಿದೆ ಇಲ್ಲಿ? ಬರೀ ಎಣಿಕೆ. ಎಣಿಸುವವರು ಎದ್ದು ಹೋದರೂ ರಾಶಿಯಲ್ಲಿ ಕಾಯಿ ಇದ್ದಷ್ಟು ಇರುತ್ತವೆ, ಅಲ್ವಾ?

ಬೆಳಕಿನ ವೇಗವನ್ನು ಇದರ ಜೊತೆ ಸೇರಿಸಬೇಡ. ಸೆಕೆಂಡಿಗೆ 299792458 ಮೀಟರು ಅನ್ನುವ ಸಂಖ್ಯೆ ನಮ್ಮದೇ, 1983ರಲ್ಲಿ ಮೀಟರನ್ನೇ ಅದಕ್ಕೆ ಹೊಂದಿಸಿಬಿಟ್ಟರು. ಎಲೆಕ್ಟ್ರಾನಿಗೂ ಬೆಳಕಿಗೂ ಇರುವ ನಂಟು ಎಷ್ಟು ಬಿಗಿ ಅಂತ ಹೇಳುವ ಸಂಖ್ಯೆ, ಸುಮಾರು 1/137, ಬೇರೆ ಜಾತಿಯದು. ಅದಕ್ಕೆ ಮೀಟರೂ ಬೇಡ, ಕಿಲೋನೂ ಬೇಡ. ಅದು ನಿಜವಾಗಿ ನಿಸರ್ಗದ್ದು. ಆದರೆ ಪ್ರಯೋಗ ಮಾಡಿ ಅಳೆದೇ ತಿಳಿಯಬೇಕು, ಜಗತ್ತು ಬೇರೆ ಥರ ಇದ್ದಿದ್ದರೆ ಅದೂ ಬೇರೆ ಇರಬಹುದಿತ್ತು. ಪೈಗೆ ಪ್ರಯೋಗ ಬೇಕಿಲ್ಲ. ಅದು ಯಾವ ಜಗತ್ತಿನಲ್ಲಾದರೂ ಅಷ್ಟೇ. ಹಾಗಾಗಿ ನಿಸರ್ಗದೊಳಗೆ ಪೈ ಹುಡುಕುವುದೇ ಸರಿಯಲ್ಲ ಅನಿಸುತ್ತದೆ ನನಗೆ, ನಿಸರ್ಗವೂ ಅದನ್ನು ಮೀರುವ ಹಾಗಿಲ್ಲ.

ಭೂಮಿ ಉಂಡೆ, ಅದರ ಮೈಮೇಲೇ ಅಳೆದರೆ ಸಮಭಾಜಕದ ಸುತ್ತಳತೆ ಧ್ರುವದ ಮೇಲಿಂದ ಹಾಯುವ ಅಡ್ಡಳತೆಯ ಹೆಚ್ಚುಕಡಿಮೆ ಎರಡೇ ಪಟ್ಟು, ಪೈ ಎಲ್ಲಿ ಹೋಯಿತು ಅಂತ ನೀನು ತಗಾದೆ ತೆಗೆಯುತ್ತೀಯ, ಗೊತ್ತು. ಸರಿ, ಬಾಗಿದ ಜಾಗದಲ್ಲಿ ವೃತ್ತದ ಲೆಕ್ಕ ಬದಲಾಗುತ್ತದೆ. ಅಡಿಕೆ ರಾಶಿಯ 61 ಬದಲಾಗುವುದಿಲ್ಲ. ಅದಕ್ಕೇನು ಹೇಳುತ್ತೀಯೋ ಬರೆ.

ನಿನ್ನ ಗೆಳೆಯ