ಭಾನುವಾರದ ಕ್ಯಾಸಲ್‌ಟನ್ ಸುತ್ತಾಟ, ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಇಂಗ್ಲೆಂಡ್‌ನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿರುವ ಕ್ಯಾಸಲ್‌ಟನ್‌ಗೆ ಹೋಗುವುದು ಖಾಯಂ. ಕಾರಿನವರು ಬೇಗ ಬನ್ನಿ, ಊರು ಚಿಕ್ಕದು, ಬಿಸಿಲು ಬಿದ್ದರೆ ಪಾರ್ಕಿಂಗ್ ತುಂಬಿಹೋಗುತ್ತದೆ. ರೈಲಿನವರು ಶೆಫೀಲ್ಡ್‌ನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ಹತ್ತಿ ಹೋಪ್‌ನಲ್ಲಿ ಇಳಿಯಿರಿ, ಅಲ್ಲಿಂದ ಸುಮಾರು 3 ಕಿ.ಮೀ.

ಮೊದಲು ಮ್ಯಾಮ್ ಟಾರ್ ಗುಡ್ಡ ಹತ್ತೋಣ. ಎತ್ತರ 517 ಮೀಟರ್ ಅಷ್ಟೇ, ತುದಿ ತನಕ ಕಲ್ಲು ಹಾಸಿದ ದಾರಿ ಇದೆ, ಮಕ್ಕಳೂ ಹತ್ತುತ್ತಾರೆ, ಆದರೆ ಮೇಲೆ ಗಾಳಿ ಸುಮ್ನೆ ಬಿಡುವುದಿಲ್ಲ, ಟೋಪಿ, ಮಳೆ ಜಾಕೆಟ್ ಎರಡೂ ಬೇಕು. ಇಳಿಯುವಾಗ ಹಳೇ ರಸ್ತೆ ಕಡೆಯಿಂದ ಬರೋಣ. ಗುಡ್ಡ ಜಾರಿ ಜಾರಿ ರಿಪೇರಿ ಮಾಡಿ ಸಾಕಾಗಿ 1979ರಲ್ಲಿ ಮುಚ್ಚಿದ ರಸ್ತೆ ಅದು. ಡಾಂಬರು ಪದರ ಪದರವಾಗಿ ಸೀಳಿ ಕುಸಿದಿದೆ, ಬಿಳಿ ಗೆರೆ ಅಲ್ಲಲ್ಲಿ ಹಾಗೇ ಇದೆ. ನನಗಂತೂ ಪೆವೆರಿಲ್ ಕೋಟೆಗಿಂತ ಇದೇ ಇಷ್ಟ. ಕೋಟೆ ಟೈಮ್ ಉಳಿದರೆ ನೋಡೋಣ.

ಗುಹೆ ಒಂದೇ ಸಾಕು, ಅಲ್ವಾ? ಬ್ಲೂ ಜಾನ್ ಗುಹೆ ಆಗಲಿ, ಅಲ್ಲಿ ಸಿಗುವ ಕಲ್ಲಿನ ಹೆಸರೂ ಅದೇ. ನೇರಳೆ-ಹಳದಿ ಪಟ್ಟೆಯ ಆ ಕಲ್ಲಿಗೆ ಈ ಗುಡ್ಡಗಳೇ ಮನೆ. ಮೆಟ್ಟಿಲು ಜಾಸ್ತಿ, ಮಂಡಿನೋವಿನವರು ಊರಲ್ಲೇ ಟೀ ಕುಡಿಯುತ್ತಾ ಕೂರಬಹುದು.

ಕುರಿ ಮೇಯುವ ಕಡೆ ಗೇಟು ದಾಟಿದವರು ಹಿಂದೆ ಮುಚ್ಚಿಯೇ ಬನ್ನಿ. ಚಿತ್ರಾನ್ನ, ಮೊಸರನ್ನ ಯಾರು ತರುತ್ತೀರಿ, ಶುಕ್ರವಾರದೊಳಗೆ ಇಲ್ಲೇ ಹೇಳಿ.