ಪಟ್ಟಿಯಲ್ಲಿ ಬರೆದ ‘ವೇಟ್’ ಯಾವ ವೇಟ್?

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ ರಾಶಿ ಆಗುತ್ತಿದ್ದಂತೆ ತೂಕದ ತಕರಾರೂ ಶುರುವಾಗುತ್ತದೆ. ಅನೇಕ ಅಡತ್ ಪಟ್ಟಿಗಳಲ್ಲಿ (ದಲ್ಲಾಳಿ ಕೊಡುವ ಲೆಕ್ಕದ ಚೀಟಿ), ಗಾಡಿ ಸಮೇತ ತೂಗುವ ವೇ ಬ್ರಿಡ್ಜ್ ಚೀಟಿಗಳಲ್ಲಿ ‘ವೇಟ್’ ಎಂದು ಒಂದೇ ಅಂಕಣ ಇರುತ್ತದೆ. ಗ್ರಾಸ್ ವೇಟ್ ಚೀಲ ಸಮೇತದ್ದು; ಟೇರ್ ವೇಟ್ ಬರೀ ಚೀಲದ್ದು ಇಲ್ಲವೇ ಖಾಲಿ ಗಾಡಿಯದು; ನೆಟ್ ವೇಟ್ ಕಾಳಿನದು. ರೇಟು ಹಾಕುವುದು ನೆಟ್‌ಗೆ. ಮೂರನ್ನೂ ಬರೆಯದ ಪಟ್ಟಿಯಲ್ಲಿ ಏನನ್ನು ಎಷ್ಟು ಕಳೆದರು ಎಂದು ಯಾರಿಗೂ ಗೊತ್ತಾಗದು.

50 ಕಿಲೋ ಹಿಡಿಯುವ ಹೊಸ ಸೆಣಬಿನ ಚೀಲದ ಪ್ರಮಾಣಿತ ತೂಕ 580 ಗ್ರಾಂ. ಚೀಲಕ್ಕೆಂದು ಒಂದು ಕಿಲೋ ಸೂಟು (ತೂಕದಲ್ಲಿ ಕಡಿತ) ಮುರಿದರೆ 420 ಗ್ರಾಂ ಕಾಳೇ ಹೋದಂತೆ. 100 ಚೀಲಕ್ಕೆ 42 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯಂತೆ 3,360 ರೂಪಾಯಿ. ಹಗುರವಾದ ಪ್ಲಾಸ್ಟಿಕ್ ಚೀಲವಾದರೆ ನಷ್ಟ ಇನ್ನೂ ಹೆಚ್ಚು. ಸೆಣಬು ತೇವ ಹೀರಿ ಭಾರವಾಗುತ್ತದೆ ಎಂಬ ವ್ಯಾಪಾರಿಗಳ ಮಾತು ಸುಳ್ಳಲ್ಲ. ಹಾಗಾದರೆ ಖಾಲಿ ಚೀಲವನ್ನೇ ತೂಗಲಿ, ಆದರೆ ಒಂದೊಂದಾಗಿ ಬೇಡ. ಕಾಂಟಾದ (ತೂಕದ ಯಂತ್ರದ) ಫಲಕದಲ್ಲಿ ‘ಮಿನ್’ ಎಂದು ಕನಿಷ್ಠ ತೂಕ ಬರೆದಿರುತ್ತದೆ. 50 ಗ್ರಾಂ ಹೆಜ್ಜೆಯ, ಅಂದರೆ ಅಂಕಿ 50 ಗ್ರಾಂನಂತೆ ಏರಿಳಿಯುವ ಸಾಮಾನ್ಯ ಕಾಂಟಾಕ್ಕೆ ಅದು ಒಂದು ಕಿಲೋ. ಅದಕ್ಕಿಂತ ಕಡಿಮೆ ಇಟ್ಟರೆ ತೋರಿಸುವ ಅಂಕಿ ನಂಬುವಂತಿಲ್ಲ. ಹತ್ತು ಚೀಲ ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸಬೇಕು.

ಎಲ್ಲಕ್ಕಿಂತ ಮೊದಲು ಖಾಲಿ ಕಾಂಟಾದ ಅಂಕಿ ನೋಡಿ. ಸೊನ್ನೆ ಇದ್ದರೆ ಮುಂದೆ ಬರುವುದು ಗ್ರಾಸ್. ಚೀಲದ ತೂಕ ಪಟ್ಟಿಯಲ್ಲಿ ಕಳೆಯಬಹುದು. ಮೈನಸ್ 0.600 ಎಂದಿದ್ದರೆ ಟೇರ್ ಗುಂಡಿ ಒತ್ತಿ ಚೀಲದ ತೂಕ ಆಗಲೇ ಕಳೆದಾಗಿದೆ, ಬರುವುದೇ ನೆಟ್. ಆಮೇಲೂ ಪಟ್ಟಿಯಲ್ಲಿ ಚೀಲಕ್ಕೆಂದು ಮುರಿದರೆ ಎರಡು ಸಲ ಕಳೆದಂತೆ. ಗಡಿಬಿಡಿಯಲ್ಲಿ ಹೆಚ್ಚು ತಪ್ಪುವುದು ಇಲ್ಲೇ, ಎಲ್ಲವೂ ಮೋಸವೆಂದು ಹೇಳಲಾಗದು. ಚೀಲ ಗೋಡೆಗೋ ಪಕ್ಕದಲ್ಲಿ ಪೇರಿಸಿಟ್ಟ ಚೀಲಗಳ ಥಪ್ಪಿಗೋ ತಾಗಿದ್ದರೂ ತೂಕ ಕಡಿಮೆ ತೋರಿಸುತ್ತದೆ.

ತೇವಾಂಶದ ಲೆಕ್ಕವೂ ಹೀಗೇ. ಬೆಂಬಲ ಬೆಲೆ ಖರೀದಿಗೆ ತೊಗರಿಯ ತೇವಾಂಶ ಶೇ 12 ಮೀರಬಾರದು. ಶೇ 14 ಇರುವ 100 ಕಿಲೋದಲ್ಲಿ ಒಣ ಕಾಳು 86 ಕಿಲೋ. ಶೇ 12ಕ್ಕೆ ಒಣಗಿಸಿದರೆ 86ನ್ನು 0.88ರಿಂದ ಭಾಗಿಸಿ 97.73 ಕಿಲೋ ಉಳಿಯುತ್ತದೆ. ಹೊರಗಿನ ವ್ಯಾಪಾರದಲ್ಲಿ ಒಣಗಿಸದೆ ಕೊಂಡರೂ ಶೇ 12ರ ಲೆಕ್ಕಕ್ಕೆ ಕಳೆಯಬೇಕಾದದ್ದು ಸುಮಾರು 2.27 ಕಿಲೋ ಮಾತ್ರ. ರೇಟಿನಲ್ಲೂ ಇಳಿಸಿ ತೂಕದಲ್ಲೂ ಮುರಿಯುವುದು ಯಾವ ಲೆಕ್ಕ?

ವೇ ಬ್ರಿಡ್ಜ್‌ನಲ್ಲಿ ಖಾಲಿ ಗಾಡಿಯನ್ನು ಅದೇ ದಿನ, ಅದೇ ಕಾಂಟಾದ ಮೇಲೆ ತೂಗಿಸಬೇಕು. ಆರ್‌ಸಿ ಪುಸ್ತಕದ ತೂಕ ಟೇರ್ ಆಗುವುದಿಲ್ಲ. ತುಂಬಿದ ಗಾಡಿ ತೂಗುವಾಗ ಡ್ರೈವರ್ ಕೆಳಗಿಳಿದಿದ್ದರೆ ಖಾಲಿ ತೂಗುವಾಗಲೂ ಇಳಿಯಬೇಕು. ಜಾಕ್, ಸ್ಟೆಪ್ನಿ, ತಾಡಪತ್ರಿಗೂ ಇದೇ ನಿಯಮ. ನಡುವೆ 50 ಲೀಟರ್ ಡೀಸೆಲ್ ಹಾಕಿಸಿದರೆ ಸುಮಾರು 42 ಕಿಲೋ ವ್ಯತ್ಯಾಸ. ಟ್ರ್ಯಾಕ್ಟರನ್ನೂ ಟ್ರಾಲಿಯನ್ನೂ ಬಿಚ್ಚದೆ ಒಂದೊಂದಾಗಿ ಹತ್ತಿಸಿ ಕೂಡಿಸಬಾರದು, ಕೊಂಡಿಯಲ್ಲಿ ಭಾರ ಅತ್ತಿತ್ತ ಹಂಚಿಹೋಗುತ್ತದೆ. ಹತ್ತು ಕಿಲೋ ಹೆಜ್ಜೆಯ ವೇ ಬ್ರಿಡ್ಜ್ ನಾಲ್ಕೈದು ಚೀಲ ತೂಗಲು ತಕ್ಕದ್ದಲ್ಲ.

ಎಲೆಕ್ಟ್ರಾನಿಕ್ ಕಾಂಟಾಕ್ಕೂ ವೇ ಬ್ರಿಡ್ಜ್‌ಗೂ 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ವರ್ಷ, ಪ್ರಮಾಣಪತ್ರದ ಅವಧಿ ನೋಡುವ ಹಕ್ಕು ಮಾಲು ತಂದವರಿಗಿದೆ. ಎಪಿಎಂಸಿಗಳು ಪಟ್ಟಿಯ ನಮೂನೆಯಲ್ಲಿ ‘ಚೀಲ ಸಮೇತ’, ‘ಖಾಲಿ ಚೀಲ’, ‘ಕಾಳು’ ಎಂದು ಮೂರು ಅಂಕಣ ಕನ್ನಡದಲ್ಲೇ ಅಚ್ಚು ಹಾಕಿಸಲಿ. ತೇವಾಂಶಕ್ಕೆ ಕಳೆದದ್ದು ಬೇರೆ ಸಾಲಿನಲ್ಲಿ ಬರಲಿ.

— ಓದುಗ, ಕಲಬುರಗಿ