ಗುಂಡಿ ಒತ್ತಿದರೆ ಹಾಡು ಬರುವುದಿಲ್ಲ

ಮಾನ್ಯರೇ,

ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಈ ಅಂಕಣದಲ್ಲಿ ನಡೆದ ಚರ್ಚೆಯಲ್ಲಿ, ಕಂಪ್ಯೂಟರಿನ ಗುಂಡಿ ಒತ್ತಿದರೆ ಹಾಡು ತಾನಾಗಿ ಹುಟ್ಟುತ್ತದೆ ಎಂಬ ಮಾತು ಬಂದಿದೆ. ಈ ಮಾತನ್ನು ಒಪ್ಪಲಾಗದು. ಅಮೆರಿಕದ ‘ಮ್ಯಾಟ್‌ಮೋಸ್’ ಜೋಡಿಯ ಕೆಲಸದ ಕ್ರಮವನ್ನು ಗಮನಿಸಿದವರು ಯಾರೂ ಹಾಗೆ ಹೇಳಲಾರರು.

ಡ್ರೂ ಡೇನಿಯಲ್ ಮತ್ತು ಎಂ.ಸಿ. ಸ್ಮಿತ್, ಇಬ್ಬರೇ ಈ ತಂಡ. ಮೊದಲ ಆಲ್ಬಂ 1997ರಲ್ಲಿ ಬಂತು. ಆಗ ಅವರಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಆಮೇಲೆ ಬಾಲ್ಟಿಮೋರ್‌ಗೆ ಹೋದರು. 2001ರಲ್ಲಿ ಗಾಯಕಿ ಬ್ಯೋರ್ಕ್ ಅವರ ‘ವೆಸ್ಪರ್ಟೀನ್’ ಆಲ್ಬಂಗೆ ಲಯ ಕಟ್ಟಿಕೊಟ್ಟರು. ಅದರ ಪ್ರವಾಸದಲ್ಲಿ, ಹಿಮದ ಮೇಲೆ ನಡೆದ ಸದ್ದು ಬೇಕಾದಾಗ ವೇದಿಕೆಯಲ್ಲೇ ಕಲ್ಲುಪ್ಪು ಸುರಿದು ತುಳಿದರು. ಅವರ ಹೆಚ್ಚಿನ ಆಲ್ಬಂಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. 2001ರ ಒಂದು ಆಲ್ಬಂ ಶಸ್ತ್ರಚಿಕಿತ್ಸೆಯ ಸದ್ದುಗಳಿಂದಾದದ್ದು, 2019ರದ್ದು ಬರೀ ಪ್ಲಾಸ್ಟಿಕ್‌ನಿಂದ. 2016ರ ‘ಅಲ್ಟಿಮೇಟ್ ಕೇರ್ 2’ ಪೂರ್ತಿ ಮನೆಯ ಬಟ್ಟೆ ಒಗೆಯುವ ಯಂತ್ರದ ಸದ್ದು: ಆಯ್ಕೆಯ ತಿರುಗುಗುಂಡಿಯಿಂದ ಶುರುವಾಗಿ, ಒಗೆತ ಮುಗಿದಾಗಿನ ಗಂಟೆಯವರೆಗೆ 38 ನಿಮಿಷದ ಒಂದೇ ಕೃತಿ. ಬೇರೆ ವಾದ್ಯ ಒಂದೂ ಇಲ್ಲ. ಅದೇ ಯಂತ್ರವನ್ನು ತಟ್ಟಿ, ಉಜ್ಜಿ ಬಂದ ನಾದವನ್ನು ಕತ್ತರಿಸಿ ಜೋಡಿಸಿದ್ದಾರೆ.

ಈ ಜೋಡಣೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮೂರಿನ ಲೆಕ್ಕವನ್ನೇ ನೋಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಮೋಟಾರಿನ ಗುಂಯ್‌ಗುಡುವಿಕೆಯಲ್ಲಿ 100, 150, 200 ಹರ್ಟ್ಸ್ ಮಡಿಗಳೂ ಸೇರಿರುತ್ತವೆ. ಐದು ಮನೆ ಶ್ರುತಿಯ (ಹಾರ್ಮೋನಿಯಂನ ಐದನೆಯ ಬಿಳಿ ಮನೆ) ಷಡ್ಜ, ಅಂದರೆ ‘ಸ’, 196 ಹರ್ಟ್ಸ್. ಗುಂಯ್‌ಗುಡುವ 200 ಅದಕ್ಕಿಂತ ತುಸು ಏರು. ಹಾಗೇ ಬಿಟ್ಟರೆ ಅದರ ಮೇಲೆ ಹಾಡುವವರದ್ದೇ ಅಪಶ್ರುತಿ ಅನ್ನಿಸುತ್ತದೆ. ಮುದ್ರಿಕೆಯ ವೇಗವನ್ನು ಶೇ 2ರಷ್ಟು ತಗ್ಗಿಸಿದರೆ ಶ್ರುತಿ ಕೂಡುತ್ತದೆ. ಆದರೆ ಲಯವೂ ಅಷ್ಟೇ ಹಿಂದೆ ಬೀಳುವುದರಿಂದ, ಶ್ರುತಿ ಕೂಡಿಸಿದ ಮೇಲೇ ತಾಳಕ್ಕೆ ಕತ್ತರಿಸಬೇಕು. ಈ ಕ್ರಮ ಹಿಂದುಮುಂದಾದರೆ ಮಾಡಿದ್ದನ್ನೆಲ್ಲ ಮತ್ತೆ ಮಾಡಬೇಕು.

2020ರಲ್ಲಿ ಇವರು 99 ಕಲಾವಿದರಿಂದ ತುಣುಕುಗಳನ್ನು ತರಿಸಿ ಮೂರು ಗಂಟೆಯ ಕೃತಿ ಕಟ್ಟಿದರು. ಕಲಾವಿದರಿಗೆ ಹಾಕಿದ ಷರತ್ತು ಒಂದೇ, ನಿಮಿಷಕ್ಕೆ 99 ಏಟು. ಏಟಿಗೊಂದು ಅಕ್ಷರ ಹಿಡಿದರೆ ಎಂಟು ಅಕ್ಷರದ ಆದಿತಾಳದ ಒಂದು ಆವರ್ತನಕ್ಕೆ 4.85 ಸೆಕೆಂಡು ಆಗುತ್ತದೆ. ಲಯ ಒಂದೇ ಆಗಿದ್ದರಿಂದ ಯಾರ ತುಣುಕನ್ನು ಯಾರದರ ಮೇಲೆ ಇಟ್ಟರೂ ಏಟು ಏಟಿಗೆ ಕೂರುತ್ತದೆ.

ಇಂಥ ಕೆಲಸಕ್ಕೆ ಮಂಡ್ಯದ ಆಲೆಮನೆಗಿಂತ ಸಮೃದ್ಧ ಜಾಗ ಯಾವುದಿದೆ? ಗಾಣದ ಮೋಟಾರು, ಕಬ್ಬು ನುರಿಯುವ ಸದ್ದು, ಕೊಪ್ಪರಿಗೆಯ ಕುದಿತ, ಅಚ್ಚಿಗೆ ಪಾಕ ಬೀಳುವ ಸದ್ದು, ಎಲ್ಲವೂ ಒಂದೇ ಸೂರಿನಡಿ ಇವೆ. ಕಬ್ಬಿನ ಹಾಲು ಕುದಿಯಲು ಶುರುವಾದಾಗ ಸೂಕ್ಷ್ಮ ನೊರೆಯ ಸರಸರ. ಪಾಕ ಗಟ್ಟಿಯಾದಂತೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, ಪುಳಕ್ ಪುಳಕ್ ಎಂದು ಒಡೆಯುತ್ತದೆ. ಇದರಲ್ಲೇ ಒಂದು ಕೃತಿಯ ಆದಿ, ಅಂತ್ಯ ಇದೆ. ಆದರೆ ಮೈಕ್ ಕೊಪ್ಪರಿಗೆಯಿಂದ ದೂರವಿರಲಿ, ಆವಿ ಅದನ್ನು ಕೆಡಿಸುತ್ತದೆ.

ಗಾಣದ ಕಂಪನ ಹಿಡಿಯಲು ಬಜರ್‌ಗಳಲ್ಲಿ ಇರುವ 27 ಮಿ.ಮೀ. ಹಿತ್ತಾಳೆ ಪೀಜೋ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿಸುವ ಬಿಲ್ಲೆ) ಸಾಕು. ಅದನ್ನು ಗಾಣದ ಕಬ್ಬಿಣದ ಚೌಕಟ್ಟಿಗೆ ತೆಳು ಟೇಪಿನಿಂದ ಅಂಟಿಸಿ. ದಪ್ಪ ಫೋಮ್ ಟೇಪ್ ಚುರುಕಾದ ಮೇಲಿನ ನಾದವನ್ನೆಲ್ಲ ನುಂಗಿಬಿಡುತ್ತದೆ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬಿಲ್ಲೆಯ ತಂತಿಯನ್ನು ಸಾಮಾನ್ಯ ಲೈನ್ ಇನ್‌ಪುಟ್‌ಗೆ ಹಾಕಿದರೆ ಸದ್ದು ತಗಡು ಬಡಿದಂತೆ ಬರುತ್ತದೆ. ಬಿಲ್ಲೆಯ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಶಕ್ತಿ) ಸುಮಾರು 20 ನ್ಯಾನೋಫ್ಯಾರಡ್. ಇನ್‌ಪುಟ್‌ನ ಪ್ರತಿರೋಧ 10 ಕಿಲೋಓಮ್ ಇದ್ದರೆ 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ. ಗಿಟಾರಿಗೆಂದು ಇರುವ 1 ಮೆಗಾಓಮ್ ಇನ್‌ಪುಟ್‌ನಲ್ಲಿ ಹಾಕಿದರೆ ಗಾಣದ ಗಂಭೀರ ನಾದ ಪೂರ್ತಿ ಸಿಗುತ್ತದೆ. ತಂತಿಗೆ ಲೋಹದ ಹೊದಿಕೆ ಇರಲಿ, ಉದ್ದ ಕಡಿಮೆ ಇರಲಿ. ಇಲ್ಲದಿದ್ದರೆ ಆ 50 ಹರ್ಟ್ಸ್ ಇಲ್ಲೂ ನುಗ್ಗುತ್ತದೆ. ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇರಲಿ. ಅತಿ ಜೋರು ಸದ್ದು ಮೈನಸ್ 12 ಡೆಸಿಬೆಲ್ ದಾಟದಂತೆ ಇಟ್ಟರೆ, ಜಲ್ಲೆಯ ಗಿಣ್ಣು ಒಡೆದಾಗಲೂ ಸದ್ದು ಸಿಡಿಯುವುದಿಲ್ಲ.

ಈಚೆಗೆ ನಮ್ಮ ಸೀಮೆಯ ಸದ್ದು ಬಳಸಿದ್ದೇವೆ ಎನ್ನುವ ಎಷ್ಟೋ ಹಾಡುಗಳಲ್ಲಿ ಅದು ಮೊದಲ ಹತ್ತು ಸೆಕೆಂಡಿನ ಅಲಂಕಾರ ಮಾತ್ರ. ಆಮೇಲೆ ಎಲ್ಲೆಡೆ ಸಿಗುವ ಸಿದ್ಧ ಡ್ರಮ್. ಮ್ಯಾಟ್‌ಮೋಸ್ ದೊಡ್ಡವರು ಎನ್ನುವುದು ಇಲ್ಲೇ: ಡ್ರಮ್ ಬೇಕೆನಿಸಿದಾಗ ಯಂತ್ರದ ತಗಡಿನಲ್ಲೇ ಅದನ್ನು ಹುಡುಕಿಕೊಂಡರು. ಆಲೆಮನೆಯಲ್ಲೂ ಹಾಗೇ ಹುಡುಕಬೇಕು. ಕೊಪ್ಪರಿಗೆ ಬರಿದಾಗಿ ಆರಿದಾಗ ಅಂಚನ್ನು ತಟ್ಟಿದರೆ ಒಂದು, ತಳ ತಟ್ಟಿದರೆ ಇನ್ನೊಂದು ನಾದ. ಒಣಗಿದ ಸಿಪ್ಪೆಯ ರಾಶಿ ತುಳಿದರೆ ಖಂಜಿರದ ಗೆಜ್ಜೆಯಂಥ ಸದ್ದು.

1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಊರು ಮೈಸೂರು. ಇಲ್ಲಿನ ಸಂಗೀತ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳನ್ನು ಇಬ್ಬಿಬ್ಬರ ಜೋಡಿ ಮಾಡಿ, ಒಂದು ಜೋಡಿಗೆ ಸದ್ದಿನ ಒಂದೇ ಮೂಲ ಕೊಟ್ಟು, ಹತ್ತು ನಿಮಿಷದ ಕೃತಿಯೊಂದನ್ನು ಕಟ್ಟಿಸಲಿ ಎಂದು ಕೋರುತ್ತೇವೆ. ಹೋಗುವ ಮುನ್ನ ಆಲೆಮನೆಯವರ ಒಪ್ಪಿಗೆ ಪಡೆಯಲಿ, ಮುಗಿದ ಮೇಲೆ ಮೊದಲ ಪ್ರತಿಯನ್ನು ಅವರಿಗೇ ಕೇಳಿಸಲಿ.

— ಧ್ವನಿಮುದ್ರಣ ವೃತ್ತಿಯ ಇಬ್ಬರು ಓದುಗರು, ಸರಸ್ವತಿಪುರಂ, ಮೈಸೂರು